ನೀರು ಬಂದ ದಾರಿ ಗೊತ್ತು, ಹೋಗುವ ದಾರಿ ಎಲ್ಲಿದೆ?

ಈ ಸಲ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಬ್ಬು ಮತ್ತು ದ್ರಾಕ್ಷಿ ಸೀಮೆಯವು. ಮುಧೋಳ, ರಾಯಬಾಗ, ತಿಕೋಟಾ, ಅಥಣಿ, ಜಮಖಂಡಿ. ಊರು ಬೇರೆ ಆದರೂ ಚಿಂತೆ ಒಂದೇ: ಹೊಲ ಮೊದಲಿನ ಹಾಗೆ ಇಲ್ಲ, ಬಾವಿಯ ನೀರು ಮೊದಲಿನ ರುಚಿ ಇಲ್ಲ. ಮೊದಲ ಪ್ರಶ್ನೆಗೆ ಉದ್ದವಾಗಿಯೇ ಉತ್ತರ ಬರೆದಿದ್ದೇನೆ, ಯಾಕೆಂದರೆ ಅದನ್ನೇ ಬೇರೆ ಬೇರೆ ಮಾತಿನಲ್ಲಿ ಬಹಳ ಜನ ಕೇಳಿದ್ದಾರೆ.

ಪ್ರಶ್ನೆ: ನಮ್ಮದು ಮುಧೋಳ ತಾಲೂಕು. ಘಟಪ್ರಭಾ ದಂಡೆಗೆ ಹತ್ತಿರ 4 ಎಕರೆ ಎರೆ ಹೊಲ. 18 ವರ್ಷದಿಂದ ಕಬ್ಬು ಬಿಟ್ಟು ಬೇರೇನೂ ಹಾಕಿಲ್ಲ. ಮೊದಲು ಎಕರೆಗೆ 50 ಟನ್ ತೆಗೆದಿದ್ದೇವೆ, ಈಗ 25 ದಾಟುವುದೇ ಕಷ್ಟ. ತಗ್ಗಿನ ಕಡೆಯ ಒಂದು ಎಕರೆಯಲ್ಲಿ ಬೇಸಿಗೆ ಬಂದರೆ ನೆಲದ ಮೇಲೆ ಬಿಳಿ ಪುಡಿ ಏಳುತ್ತದೆ. ಗೊಬ್ಬರದ ಅಂಗಡಿಯಲ್ಲಿ ಹೇಳಿದರೆಂದು ಎರಡು ವರ್ಷ ಜಿಪ್ಸಂ ಹಾಕಿದೆ, ಏನೂ ಆಗಲಿಲ್ಲ. ಇನ್ನೂ ಎಷ್ಟು ಹಾಕಬೇಕು?

ಉತ್ತರ: ಸದ್ಯಕ್ಕೆ ಇನ್ನೊಂದು ಚೀಲವೂ ಬೇಡ. ನಿಮ್ಮ ದುಡ್ಡು ಉಳಿಸಿಕೊಳ್ಳಿ, ಅದು ಬೇರೆ ಕೆಲಸಕ್ಕೆ ಬೇಕಾಗುತ್ತದೆ.

ಸವಳು ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುತ್ತೇವೆ, ಆದರೆ ಅದರಲ್ಲಿ ಎರಡು ಜಾತಿ ಇದೆ. ಒಂದರಲ್ಲಿ ಮಣ್ಣಿನಲ್ಲಿ ಬರೀ ಉಪ್ಪು ಜಾಸ್ತಿ. ನೆಲದ ಮೇಲೆ ಬಿಳಿ ಪುಡಿ ಬರುವುದು ಸಾಮಾನ್ಯವಾಗಿ ಇದರ ಗುರುತು. ಪರೀಕ್ಷೆ ಮಾಡಿಸಿದರೆ ಇಸಿ (ಉಪ್ಪು ಎಷ್ಟಿದೆ ಅಂತ ತೋರಿಸುವ ಅಂಕಿ) 4ಕ್ಕಿಂತ ಮೇಲೆ ಬರುತ್ತದೆ, ಪಿಎಚ್ (ಹುಳಿಯೋ ಕ್ಷಾರವೋ ಅಂತ ತೋರಿಸುವ ಅಂಕಿ) 8.5ರ ಒಳಗೇ ಇರುತ್ತದೆ. ಇನ್ನೊಂದು ಕ್ಷಾರದ್ದು, ಅಂದರೆ ಮಣ್ಣಿನ ಕಣಕ್ಕೆ ಸೋಡಿಯಂ ಅಂಟಿಕೊಂಡಿರುವುದು. ಅಲ್ಲಿ ಪಿಎಚ್ 8.5 ದಾಟಿರುತ್ತದೆ, ನೀರು ಬಿಟ್ಟರೆ ಇಂಗುವುದೇ ಇಲ್ಲ, ರಾಡಿಯಾಗಿ ನಿಲ್ಲುತ್ತದೆ, ಒಣಗಿದ ಮೇಲೆ ಕಲ್ಲಿನ ಹಾಗೆ ಗಟ್ಟಿ, ಮೇಲೆ ಎಷ್ಟೋ ಕಡೆ ಕಪ್ಪು ಎಣ್ಣೆ ಸವರಿದ ಹಾಗೆ ಕಾಣುತ್ತದೆ. ಜಿಪ್ಸಂ ಬೇಕಾಗುವುದು ಈ ಎರಡನೆಯದಕ್ಕೆ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಹೋಗಿ ಸೋಡಿಯಂ ಅನ್ನು ಕಣದಿಂದ ಬಿಡಿಸುತ್ತದೆ. ಹಾಗೆ ಬಿಡಿಸಿದ್ದನ್ನೂ ನೀರಿನ ಜೊತೆ ಹೊಲದಿಂದ ಹೊರಗೆ ಕಳಿಸಬೇಕು, ಇಲ್ಲದಿದ್ದರೆ ಅದು ಅಲ್ಲೇ ಸುತ್ತುತ್ತದೆ. ಬರೀ ಉಪ್ಪಿನ ಸವಳಿಗೆ ಜಿಪ್ಸಂ ಹಾಕುವುದು ಅಂದರೆ ಉಪ್ಪಾದ ಸಾರಿಗೆ ಇನ್ನಷ್ಟು ಉಪ್ಪು ಹಾಕಿದ ಹಾಗೆ. ಅದಕ್ಕೇ ಎರಡು ವರ್ಷ ಏನೂ ಆಗಲಿಲ್ಲ.

ಉಪ್ಪು ಬಂದದ್ದು ಎಲ್ಲಿಂದ ಅಂತ ಕೇಳಿಕೊಳ್ಳಿ. ಕಬ್ಬು ವರ್ಷಕ್ಕೆ ಹೆಚ್ಚೂಕಮ್ಮಿ 2000 ಮಿಲಿಮೀಟರ್ ನೀರು ಕೇಳುವ ಬೆಳೆ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಮಳೆ ಬೀಳುವುದು 600 ಮಿಲಿಮೀಟರಿನ ಆಚೀಚೆ. ಉಳಿದದ್ದನ್ನು ನಾವೇ ಹಾಯಿಸುತ್ತೇವೆ. ಎಕರೆಗೆ ಸುಮಾರು 60 ಲಕ್ಷ ಲೀಟರ್ ಅಂತ ಹಿಡಿಯಿರಿ. ಹೊಳೆಯ ನೀರು ಸಿಹಿ ಅಂತೀವಿ, ಆದರೂ ಲೀಟರಿಗೆ ಕಾಲು ಗ್ರಾಂ ಉಪ್ಪಿದ್ದರೆ ಸಾಕು, ಒಂದು ವರ್ಷಕ್ಕೆ ಒಂದು ಎಕರೆಗೆ 15 ಕ್ವಿಂಟಲ್ ಉಪ್ಪು ನಾವೇ ತಂದು ಸುರಿದ ಹಾಗಾಯಿತು! ಕಬ್ಬು ನೀರು ಕುಡಿಯುತ್ತದೆ, ಉಪ್ಪಿನ ಬಹುಪಾಲನ್ನು ಬಿಟ್ಟುಬಿಡುತ್ತದೆ. 18 ವರ್ಷಕ್ಕೆ ಗುಣಿಸಿ ನೋಡಿ, 27 ಟನ್. ನಿಮ್ಮದು ಎರೆ ಮಣ್ಣು, ಒದ್ದೆಯಾದರೆ ಉಬ್ಬಿ ಬಿಗಿದುಕೊಳ್ಳುತ್ತದೆ, ನೀರು ಕೆಳಗಿಳಿಯುವುದು ಬಹಳ ನಿಧಾನ. ಹಾಯಿಸಿದ ನೀರು ಅಡಿಯಲ್ಲಿ ನಿಂತು ವರ್ಷದಿಂದ ವರ್ಷಕ್ಕೆ ಮೇಲೇರಿತು. ಕಂದೀಲಿನ ಬತ್ತಿ ಸೀಮೆಎಣ್ಣೆ ಏರಿಸುವ ಹಾಗೆ ಬೇಸಿಗೆಯಲ್ಲಿ ಮಣ್ಣು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ನಿಮ್ಮ ಬಿಳಿ ಪುಡಿ ಇದೇ.

ಖಾತ್ರಿ ಮಾಡಿಕೊಳ್ಳಲು ಒಂದು ಸುಲಭದ ಕೆಲಸ ಮಾಡಿ. ನೀರು ಹಾಯಿಸಿ ಹತ್ತು ದಿನವಾದ ಮೇಲೆ ತಗ್ಗಿನ ಎಕರೆಯಲ್ಲಿ 5 ಅಡಿ ಆಳದ ಒಂದು ಗುಂಡಿ ತೋಡಿ. ಮರುದಿನ ಹೋಗಿ ನೋಡಿ. 3–4 ಅಡಿಗೇ ನೀರು ನಿಂತಿದ್ದರೆ ನಿಮ್ಮ ಕಬ್ಬಿನ ಬೇರು ಉಪ್ಪುನೀರಿನಲ್ಲಿ ಕಾಲಿಟ್ಟು ನಿಂತಿದೆ ಅಂತಲೇ ಅರ್ಥ. ಕಬ್ಬು ಉಪ್ಪು ತಡೆಯುವ ಬೆಳೆ ಅಲ್ಲ. ಮಣ್ಣಿನ ಇಸಿ 1.7 ದಾಟುತ್ತಿದ್ದಂತೆಯೇ ಇಳುವರಿ ಇಳಿಯಲು ಶುರು. ಬಿಳಿ ಪುಡಿ ಕಣ್ಣಿಗೆ ಕಾಣುವುದಕ್ಕೆ ಎಷ್ಟೋ ವರ್ಷ ಮೊದಲೇ ನಿಮಗೆ ಟನ್‌ಗಟ್ಟಲೆ ನಷ್ಟ ಆಗಿರುತ್ತದೆ, ಅದನ್ನು ನಾವು ಬೀಜ ಕೆಟ್ಟಿತು, ಯೂರಿಯಾ ಸಾಲಲಿಲ್ಲ ಅಂತ ತಿಳಿದು ಇನ್ನೆರಡು ಚೀಲ ಜಾಸ್ತಿ ಹಾಕುತ್ತಾ ಹೋಗುತ್ತೇವೆ.

ನಾನು ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಬೀಳಗಿ ಕಡೆ ನಮ್ಮ ಹೊಲದಲ್ಲೂ ಒಂದು ತಗ್ಗಿನ ಪಟ್ಟಿ ಹೀಗೇ ಕೆಟ್ಟಿತ್ತು. ಅಪ್ಪ ಐದು ವರ್ಷ ಅದಕ್ಕೆ ತಿಪ್ಪೆಗೊಬ್ಬರ ಹೊತ್ತರು, ಕೆರೆಮಣ್ಣು ಹೊಡೆಸಿದರು, ಸಾಲ ಮಾಡಿ ಏನೇನೋ ತಂದು ಹಾಕಿದರು. ಕೊನೆಗೆ ಮೇಲಿನ ಮತ್ತು ಕೆಳಗಿನ ಹೊಲದವರ ಜೊತೆ ಕೂತು ಮಾತಾಡಿ, ಬದುವಿನ ಗುಂಟ ಹಳ್ಳದ ತನಕ 5 ಅಡಿ ಆಳದ ಬಸಿಗಾಲುವೆ ತೋಡಿಸಿದೆವು. ಎರಡು ಮಳೆಗಾಲ ಆ ಕಾಲುವೆಯಲ್ಲಿ ಹರಿದ ನೀರನ್ನು ನಾಲಿಗೆಗೆ ಹಚ್ಚಿ ನೋಡಿದರೆ ಉಪ್ಪುಪ್ಪು. ಮೂರನೇ ವರ್ಷ ಅಲ್ಲಿ ಜೋಳ ಬಂತು. ಅಪ್ಪ ಅವತ್ತು ಹೊಲದಲ್ಲಿ ಎಷ್ಟು ಹೊತ್ತು ನಿಂತಿದ್ದರು ಅಂತ ನನಗೆ ಇವತ್ತಿಗೂ ನೆನಪಿದೆ.

ಹಾಗಾಗಿ ಮೊದಲು ನೀರು ಹೋಗುವ ದಾರಿ. ಹಳ್ಳ ಹತ್ತಿರವಿದ್ದರೆ ತೆರೆದ ಬಸಿಗಾಲುವೆ ಸಾಕು. ಜಾಗ ಹಾಳಾಗಬಾರದು ಅಂದರೆ ನೆಲದೊಳಗೆ 3–4 ಅಡಿ ಆಳದಲ್ಲಿ ತೂತಿನ ಪೈಪು ಹೂಳುವ ಪದ್ಧತಿ ಇದೆ. ಖರ್ಚು ಜಾಸ್ತಿ, ಒಬ್ಬರೇ ಮಾಡಿದರೆ ಫಲವೂ ಕಡಿಮೆ, ಏಕೆಂದರೆ ಮೇಲಿನವರು ಹಾಯಿಸಿದ್ದು ನಿಮ್ಮ ಅಡಿಗೇ ಬರುತ್ತದೆ. ಇಲ್ಲಿ ನನಗೆ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ ನೆನಪಾಗುತ್ತದೆ. 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಅಲ್ಲಿನ ರೈತರು ತಾವೇ ದುಡ್ಡು ಹಾಕಿ, ತಾವೇ ದುಡಿದು ಶ್ರಮಬಿಂದು ಸಾಗರ ಬ್ಯಾರೇಜು ಕಟ್ಟಿದರು. ಮುಂದೆ ನಿಂತು ಕಟ್ಟಿಸಿದ ಸಿದ್ದು ನ್ಯಾಮಗೌಡರನ್ನು ಜನ ಬ್ಯಾರೇಜ್ ಸಿದ್ದು ಅಂತಲೇ ಕರೆದರು. ನೀರು ತರಲು ಅಷ್ಟು ಜನ ಒಟ್ಟಾದ ಸೀಮೆ ಇದು. ನೀರು ಕಳಿಸಲು ಹತ್ತು ಹೊಲದವರು ಒಟ್ಟಾಗಲು ಆಗುವುದಿಲ್ಲವೇ? ಆಗುತ್ತದೆ ಅಂತ ನಾನು ನಂಬಿದ್ದೇನೆ. ನಿಮ್ಮ ಹಳ್ಳದ ಮೇಲಿನ ಎಲ್ಲರನ್ನೂ ಒಮ್ಮೆ ಕೂಡಿಸಿ.

ಕಾಲುವೆ ಆದ ಮೇಲೆ ಮಳೆಗಾಲಕ್ಕೆ ಮುಂಚೆ ಆ ಎಕರೆಗೆ ಸಣ್ಣ ಸಣ್ಣ ಮಡಿ ಮಾಡಿ ಮಳೆನೀರು ನಿಲ್ಲಿಸಿ, ಉಪ್ಪು ತೊಳೆದು ಕೆಳಗಿಳಿಯಲಿ. ಹಸಿರೆಲೆ ಗೊಬ್ಬರದ ಗಿಡ ಡಯಾಂಚ ಬಿತ್ತಿ ಹೂವಿಗೆ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಎರಡು ಮೂರು ವರ್ಷ ಅಲ್ಲಿ ಕಬ್ಬು ಬೇಡ. ಜೋಳ, ಹತ್ತಿ ಹಾಕಬಹುದು. ಜೋಳ ಸುಮಾರು 6.8 ಇಸಿ ತನಕ ತಡೆಯುತ್ತದೆ, ಹತ್ತಿ ಇನ್ನೂ ಸ್ವಲ್ಪ ಮೇಲೆ. ಕಡಲೆ ಮಾತ್ರ ಹಾಕಬೇಡಿ, ಅದಕ್ಕೆ ಉಪ್ಪು ಸ್ವಲ್ಪವೂ ಆಗುವುದಿಲ್ಲ. ಉಳಿದ 3 ಎಕರೆಯಲ್ಲಿ ಬಿಳಿ ಪುಡಿ ಇನ್ನೂ ಎದ್ದಿಲ್ಲವಲ್ಲ, ಅದಕ್ಕೆ ಈಗಲೇ ಡ್ರಿಪ್ ಮಾಡಿಸಿ. ಆಗದಿದ್ದರೆ ಸಾಲು ಬಿಟ್ಟು ಸಾಲು ನೀರು ಕೊಡಿ. ಸರದಿ ಬಂತು, ಕರೆಂಟ್ ಬಂತು ಅಂತ ರಾತ್ರಿಯಿಡೀ ಮೋಟರ್ ಬಿಟ್ಟು ಮಲಗುವುದನ್ನು ದಯವಿಟ್ಟು ನಿಲ್ಲಿಸಿ.

ಪ್ರಶ್ನೆ: ತಿಕೋಟಾ ಭಾಗದಲ್ಲಿ ನಮ್ಮದು ದ್ರಾಕ್ಷಿ ತೋಟ, 3 ಎಕರೆ. ತೆರೆದ ಬಾವಿ ಬತ್ತಿತು. ನಾಲ್ಕು ಬೋರ್ ಕೊರೆಸಿದೆವು, ಕೊನೆಯದರಲ್ಲಿ 800 ಅಡಿಗೆ ಸ್ವಲ್ಪ ನೀರು. ಟಿಡಿಎಸ್ 1500 ತೋರಿಸುತ್ತದೆ. ಎಲೆಯ ಅಂಚು ಸುಟ್ಟ ಹಾಗೆ ಆಗುತ್ತಿದೆ. ಡ್ರಿಪ್ ಇದೆ, ನೀರು ಹಾಳು ಮಾಡುತ್ತಿಲ್ಲ. ಆದರೂ ಯಾಕೆ ಹೀಗೆ?

ಉತ್ತರ: ಡ್ರಿಪ್ ನೀರು ಉಳಿಸುತ್ತದೆ, ಉಪ್ಪನ್ನು ತಡೆಯುವುದಿಲ್ಲ. ನಿಮ್ಮ ನೀರಿನಲ್ಲಿ ಲೀಟರಿಗೆ ಒಂದೂವರೆ ಗ್ರಾಂ ಉಪ್ಪಿದೆ. ವರ್ಷಕ್ಕೆ ಎಕರೆಗೆ 25 ಲಕ್ಷ ಲೀಟರ್ ಕೊಟ್ಟರೂ 37 ಕ್ವಿಂಟಲ್ ಆಯಿತು. ಮೇಲಿನ ಕಬ್ಬಿನ ಹೊಲಕ್ಕಿಂತ ಎರಡು ಪಟ್ಟು ಜಾಸ್ತಿ, ಅದೂ ದ್ರಾಕ್ಷಿ ಕಬ್ಬಿಗಿಂತ ಸೂಕ್ಷ್ಮ. ಈ ಉಪ್ಪು ಡ್ರಿಪ್ಪಿನ ಒದ್ದೆ ಜಾಗದ ಅಂಚಿನಲ್ಲಿ ಬಳೆಯ ಹಾಗೆ ಕೂತಿರುತ್ತದೆ.

ಇದರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಮೊದಲ ಸಣ್ಣ ಮಳೆ ಬಂದಾಗ ನಾವು ಖುಷಿಯಿಂದ ಡ್ರಿಪ್ ಬಂದ್ ಮಾಡುತ್ತೇವೆ. ಆ ಸಣ್ಣ ಮಳೆ ಅಂಚಿನಲ್ಲಿದ್ದ ಉಪ್ಪನ್ನು ಕರಗಿಸಿ ನೇರ ಬೇರಿನ ಕಡೆಗೆ ತಳ್ಳುತ್ತದೆ. ಮಳೆ ಬಂದು ಎರಡು ದಿನಕ್ಕೆ ಎಲೆ ಸುಟ್ಟರೆ ರೋಗ ಅಂತ ಔಷಧಿ ಹೊಡೆಯುತ್ತೇವೆ! ಸಣ್ಣ ಮಳೆಯಲ್ಲಿ ಡ್ರಿಪ್ ಓಡಿಸಿ. ಭೂಮಿ ಚೆನ್ನಾಗಿ ನೆನೆಯುವ ದೊಡ್ಡ ಮಳೆ ಆದ ಮೇಲೆ ಮಾತ್ರ ನಿಲ್ಲಿಸಿ.

ನೀರನ್ನು ಪೂರ್ತಿ ಪರೀಕ್ಷೆ ಮಾಡಿಸಿ. ಟಿಡಿಎಸ್ ಮೀಟರ್ ಒಂದೇ ಸಾಲದು. ಆರ್‌ಎಸ್‌ಸಿ ಅಂತ ಒಂದು ಅಂಕಿ ಕೊಡುತ್ತಾರೆ, ನೀರಿನಲ್ಲಿ ಉಳಿಯುವ ಸೋಡಿಯಂ ಕಾರ್ಬೊನೇಟ್ ಎಷ್ಟು ಅಂತ ಅದು ಹೇಳುತ್ತದೆ. 1.25ರ ಒಳಗಿದ್ದರೆ ಚಿಂತೆ ಇಲ್ಲ, 2.5 ದಾಟಿದರೆ ಆ ನೀರು ಮಣ್ಣನ್ನು ಕ್ಷಾರ ಮಾಡುತ್ತದೆ. ಅಂಥ ನೀರಿಗೆ ಜಿಪ್ಸಂ ನಿಜವಾಗಿ ಉಪಯೋಗ. ಪೊಟ್ಯಾಶ್ ಕೊಡುವಾಗ ಕೆಂಪು ಮ್ಯುರಿಯೇಟ್ ಬಿಟ್ಟು ಸಲ್ಫೇಟ್ ರೂಪದ್ದು ಕೊಡಿ. ಮ್ಯುರಿಯೇಟಿನಲ್ಲಿ ಕ್ಲೋರೈಡ್ ಇದೆ, ನಿಮ್ಮ ಎಲೆ ಅಂಚು ಸುಡುವುದಕ್ಕೆ ಅದೂ ಸೇರಿಕೊಳ್ಳುತ್ತದೆ.

ಇನ್ನೊಂದು ಬೋರ್ ಕೊರೆಸಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಬೇಡ. ವಿಜಯಪುರದ ಕಡೆ ಅಡಿಯಲ್ಲಿರುವುದು ಲಾವಾ ಹೆಪ್ಪುಗಟ್ಟಿ ಆದ ಕರಿಕಲ್ಲು. ನೀರು ನಿಲ್ಲುವುದು ಹೆಚ್ಚಾಗಿ ಮೇಲಿನ ಮೊರಂ ಪದರದಲ್ಲಿ ಮತ್ತು ಕಲ್ಲಿನ ಬಿರುಕಿನಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ, ನೀರು ಹಳೆಯದು, ಸಾಮಾನ್ಯವಾಗಿ ಉಪ್ಪೂ ಜಾಸ್ತಿ. ಆ ದುಡ್ಡಿಗೆ ಒಂದು ಕೃಷಿಹೊಂಡ ಮಾಡಿಸಿ. ಮಳೆನೀರು ಹಿಡಿದು ಬೋರಿನ ನೀರಿಗೆ ಅರ್ಧಕ್ಕರ್ಧ ಬೆರೆಸಿದರೂ ಉಪ್ಪು ಅರ್ಧಕ್ಕೆ ಇಳಿಯಿತಲ್ಲ. ನಿಮ್ಮ ಊರಿನ ಕೆರೆಗೆ ಕೃಷ್ಣೆಯ ನೀರು ತುಂಬಿಸುತ್ತಿದ್ದರೆ ಆ ಬತ್ತಿದ ತೆರೆದ ಬಾವಿಯನ್ನು ಮುಚ್ಚಬೇಡಿ, ಹೂಳು ತೆಗೆಸಿ ಇಡಿ. ಕೆರೆ ತುಂಬಿದರೆ ಮೊದಲು ಉಸಿರಾಡುವುದು ಅಂಥ ಬಾವಿಗಳೇ.

ಪ್ರಶ್ನೆ: ದ್ರಾಕ್ಷಿಗೆ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಇದು ಹಳೇ ಕಾಲದ್ದು, ಮಣ್ಣಿಗೆ ಏನೂ ಆಗಲ್ಲ ಅಂತಾರೆ. ಹೌದಾ? (ಬಬಲೇಶ್ವರ ಭಾಗದ ಓದುಗರು)

ಉತ್ತರ: ಹಳೆಯದು ನಿಜ. ಆದರೆ ಮೈಲುತುತ್ತಿನಲ್ಲಿರುವ ತಾಮ್ರ ಕೊಳೆಯುವ ವಸ್ತು ಅಲ್ಲ. ಎಲೆಯಿಂದ ಉದುರಿದ್ದು ಮೇಲಿನ ಮಣ್ಣಿನಲ್ಲೇ ಕೂಡುತ್ತಾ ಹೋಗುತ್ತದೆ, ಜಾಸ್ತಿಯಾದರೆ ಎರೆಹುಳು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳಿಗೆ ಕಷ್ಟ. ಲೆಕ್ಕ ನೋಡಿ. ಶೇಕಡಾ 1ರ ದ್ರಾವಣ ಎಕರೆಗೆ 400 ಲೀಟರ್ ಹೊಡೆದರೆ 4 ಕೆಜಿ ಮೈಲುತುತ್ತು, ಅದರಲ್ಲಿ ತಾಮ್ರ 1 ಕೆಜಿ. ಯುರೋಪಿನಲ್ಲಿ 2019ರಿಂದ ಹೆಕ್ಟೇರಿಗೆ 7 ವರ್ಷಕ್ಕೆ 28 ಕೆಜಿ ತಾಮ್ರ ಅಂತ ಮಿತಿ ಹಾಕಿದ್ದಾರೆ. ಎಕರೆಗೆ ವರ್ಷಕ್ಕೆ 1.6 ಕೆಜಿ ಆಯಿತು. ಎರಡು ಸಲ ಪೂರ್ತಿ ಹೊಡೆದರೆ ಆ ಮಿತಿ ದಾಟಿತು. ನಮ್ಮ ಮಣ್ಣಿನಲ್ಲಿ ಸುಣ್ಣ ಹೆಚ್ಚು, ಅದು ತಾಮ್ರವನ್ನು ಕಟ್ಟಿಹಾಕುವುದರಿಂದ ತೊಂದರೆ ತಡವಾಗಿ ಕಾಣಬಹುದು. ಬಿಟ್ಟೇಬಿಡಿ ಅನ್ನುತ್ತಿಲ್ಲ. ವಾರಕ್ಕೊಮ್ಮೆ ಸುಮ್ನೆ ಹೊಡೆಯುವುದು ಬಿಡಿ, ಹವಾಮಾನ ನೋಡಿ ಹೊಡೆಯಿರಿ. ಡ್ರಮ್ ತೊಳೆದ ನೀರನ್ನು ಬಾವಿಯ ಹತ್ತಿರ ಚೆಲ್ಲಬೇಡಿ.

ಪ್ರಶ್ನೆ: ರಾಯಬಾಗ ತಾಲೂಕಿನ ಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಮನೆ ಸುತ್ತ ಎಲ್ಲಾ ಕಬ್ಬು. ಬಾವಿ ನೀರು ಪರೀಕ್ಷೆ ಮಾಡಿದಾಗ ನೈಟ್ರೇಟ್ 90 ಬಂದಿದೆ. ಮನೆಯಲ್ಲಿ ಮೂರು ತಿಂಗಳ ಮಗು ಇದೆ. ಚೆನ್ನಾಗಿ ಕುದಿಸಿ ಕೊಟ್ಟರೆ ಸಾಕಲ್ವಾ?

ಉತ್ತರ: ಅಮ್ಮಾ, ಸಾಲದು. ದಯವಿಟ್ಟು ಇವತ್ತಿನಿಂದಲೇ ಆ ನೀರನ್ನು ಮಗುವಿಗೆ ನಿಲ್ಲಿಸಿ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಸಾಮಾನ್ಯ ಕ್ಯಾಂಡಲ್ ಫಿಲ್ಟರ್, ಬಟ್ಟೆ ಯಾವುದೂ ಅದನ್ನು ಹಿಡಿಯುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮಿತಿ, ನಿಮ್ಮದು ಅದರ ಎರಡು ಪಟ್ಟು. ಆರು ತಿಂಗಳ ಒಳಗಿನ ಮಕ್ಕಳ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನು ಇದು ಕೆಡಿಸುತ್ತದೆ. ತುಟಿ, ಉಗುರು ನೀಲಿಯಾಗಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಎದೆಹಾಲು ಕುಡಿಸುತ್ತಿದ್ದರೆ ಅದನ್ನೇ ಮುಂದುವರಿಸಿ, ಮಗುವಿಗೆ ಬೇರೆ ನೀರು ಬೇಡವೇ ಬೇಡ. ಬಾಟಲಿ ಹಾಲಾದರೆ ಆರ್‌ಒ ನೀರಿನಲ್ಲೇ ಕಲಸಿ, ಊರಿನ ಶುದ್ಧ ನೀರಿನ ಘಟಕದ್ದಾದರೆ ಅದರ ನೈಟ್ರೇಟ್ ಕೂಡ ಒಮ್ಮೆ ಪರೀಕ್ಷಿಸಲು ಪಂಚಾಯಿತಿಗೆ ಹೇಳಿ.

ಈ ನೈಟ್ರೇಟ್ ಬರುವುದು ಯೂರಿಯಾದಿಂದ, ಬಾವಿ ಪಕ್ಕದ ತಿಪ್ಪೆಯಿಂದ, ಶೌಚದ ಗುಂಡಿಯಿಂದ. ಮೂರನ್ನೂ ನೋಡಬೇಕು. ಕಬ್ಬಿಗೆ ಎಕರೆಗೆ ಸುಮಾರು 100 ಕೆಜಿ ಸಾರಜನಕ ಸಾಕು. 45 ಕೆಜಿಯ ಯೂರಿಯಾ ಚೀಲದಲ್ಲಿ 20 ಕೆಜಿಗೆ ಸ್ವಲ್ಪ ಹೆಚ್ಚು ಸಾರಜನಕ ಇರುತ್ತದೆ, ಅಂದರೆ ಬೇರೆ ಗೊಬ್ಬರ ಏನೂ ಹಾಕದಿದ್ದರೂ ಐದು ಚೀಲಕ್ಕೆ ಮುಗಿಯಿತು. ಡಿಎಪಿ ಹಾಕಿದರೆ ಇನ್ನೂ ಕಡಿಮೆ. ಹತ್ತು ಚೀಲ ಹಾಕುವವರನ್ನು ನಾನು ನೋಡಿದ್ದೇನೆ. ಮೇಲೆ ಎರಚಿ ನೀರು ಬಿಟ್ಟರೆ ಅದು ಕಬ್ಬಿಗಿಂತ ಮೊದಲು ನಿಮ್ಮ ಬಾವಿಗೆ ಹೋಗುತ್ತದೆ. ನಿಮ್ಮ ಮನೆಯವರಿಗೆ, ಪಕ್ಕದ ಹೊಲದವರಿಗೆ ಆ ಪರೀಕ್ಷೆಯ ಕಾಗದ ತೋರಿಸಿ. ಯೂರಿಯಾವನ್ನು ನಾಲ್ಕು ಕಂತು ಮಾಡಿ, ಸಾಲಿನಲ್ಲಿ ಹಾಕಿ ಮಣ್ಣು ಮುಚ್ಚಲಿ. ಐದು ತಿಂಗಳ ನಂತರ ಹಾಕುವುದು ಬೇಡ.

ಪ್ರಶ್ನೆ: ಕಬ್ಬು ಕಡಿದ ಮೇಲೆ ಉಳಿಯುವ ರವದಿ (ಒಣ ಸೋಗೆ) ಸುಡದೆ ಬೇರೆ ದಾರಿ ಇದೆಯಾ? ಕೂಳೆ ಬಿಡಬೇಕು, ಆಳು ಸಿಗುವುದಿಲ್ಲ. (ಅಥಣಿ)

ಉತ್ತರ: ಇದೆ. ಸಾಲು ಬಿಟ್ಟು ಸಾಲು ರವದಿ ಎಳೆದು ಹಾಕಿ, ಖಾಲಿ ಸಾಲಿನಲ್ಲಿ ನೀರು ಬಿಡಿ. ಟ್ರ್ಯಾಕ್ಟರಿಗೆ ಕಟ್ಟುವ ರವದಿ ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಆಳಿನ ಚಿಂತೆ ಅರ್ಧ ಕಡಿಮೆ. ಮೇಲೆ ಸ್ವಲ್ಪ ಯೂರಿಯಾ, ಸೂಪರ್ ಫಾಸ್ಫೇಟ್, ಕೊಳೆಸುವ ಜೀವಾಣು ಹಾಕಿದರೆ ಬೇಗ ಕೊಳೆಯುತ್ತದೆ. ಎಕರೆಗೆ 3–4 ಟನ್ ರವದಿ ಬರುತ್ತದೆ, ಅಷ್ಟು ತಿಪ್ಪೆಗೊಬ್ಬರ ಕೊಂಡು ತರಲು ಎಷ್ಟು ಖರ್ಚಾಗುತ್ತದೆ ಅಂತ ಯೋಚಿಸಿ. ಮುಚ್ಚಿದ ನೆಲ ಬೇಸಿಗೆಯಲ್ಲಿ ಬೇಗ ಒಣಗುವುದಿಲ್ಲ, ಉಪ್ಪೂ ಮೇಲೇರುವುದು ಕಡಿಮೆ.

ಪ್ರಶ್ನೆ: ಡಿಸ್ಟಿಲರಿಯ ಕಂದು ನೀರನ್ನು ಟ್ಯಾಂಕರಿನಲ್ಲಿ ಪುಕ್ಕಟೆ ತಂದು ಬಿಡುತ್ತೇವೆ, ಗೊಬ್ಬರ ಇದ್ದ ಹಾಗೆ ಅಂತಾರೆ. ತೆಗೆದುಕೊಳ್ಳಲಾ? (ಜಮಖಂಡಿ)

ಉತ್ತರ: ಬೇಡ. ಅದರಲ್ಲಿ ಪೊಟ್ಯಾಶ್ ಇದೆ ಅನ್ನುವುದು ನಿಜ, ಆದರೆ ಹಸಿಯಾಗಿ ಬಂದದ್ದು ಹುಳಿ, ಉಪ್ಪು, ಕೊಳೆಯುವ ವಸ್ತು ತುಂಬಿದ ನೀರು. ಎರೆ ಹೊಲದ ತಗ್ಗಿಗೆ ಬಿಟ್ಟರೆ ಸವಳಿಗೆ ನೀವೇ ಬಾಗಿಲು ತೆಗೆದ ಹಾಗೆ, ಅಂತರ್ಜಲವೂ ಕಂದು ಬಣ್ಣಕ್ಕೆ ತಿರುಗುತ್ತದೆ. ಪ್ರೆಸ್‌ಮಡ್, ಅಂದರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ, ಬೇರೆ ವಿಷಯ. ಅದನ್ನು ಎರಡು ಮೂರು ತಿಂಗಳು ಕೊಳೆಸಿ ಹಾಕಿದರೆ ಒಳ್ಳೆಯ ಗೊಬ್ಬರ.

ಪ್ರಶ್ನೆ: ನಾನು ಓದು ಮುಗಿಸಿ ಊರಿಗೆ ಬಂದವನು, ಹುನಗುಂದ ತಾಲೂಕು. ಕಬ್ಬು ಪೂರ್ತಿ ಬಿಟ್ಟು ಜೋಳ, ಕಡಲೆಗೆ ಹೋಗೋಣ ಅಂದರೆ ಮನೆಯಲ್ಲಿ ಜಗಳ. ನಾನು ಹೇಳುವುದು ತಪ್ಪಾ?

ಉತ್ತರ: ತಪ್ಪಲ್ಲ. ಮನೆಯವರದ್ದೂ ತಪ್ಪಲ್ಲ. ಕಬ್ಬಿಗೆ ಕೇಂದ್ರ ಸರ್ಕಾರ ಪ್ರತಿವರ್ಷ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ ಕಟ್ಟುತ್ತದೆ, ಗಾಳಿ ಮಳೆಗೆ ಬೆಳೆ ನಿಲ್ಲುತ್ತದೆ, ಬಿಲ್ ತಡವಾದರೂ ಬರುತ್ತದೆ ಅನ್ನುವ ಧೈರ್ಯ ಇರುತ್ತದೆ. ಜೋಳಕ್ಕೆ ಬೆಂಬಲ ಬೆಲೆ ಇದ್ದರೂ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ನಮ್ಮ ಕಾಳು ಮಾರಿಹೋಗಿರುತ್ತದೆ. ಸಾಲ ಇರುವ ಮನೆಯಲ್ಲಿ ಕಬ್ಬು ಬಿಡು ಅಂತ ಹೇಳುವುದು ಸುಲಭವಲ್ಲ. ನಾನೂ ಹೇಳುವುದಿಲ್ಲ.

ನಾನು ಕೇಳುವುದು ಇಷ್ಟು. ಇರುವ ಹೊಲವನ್ನು ಮೂರು ಪಾಲು ಮಾಡಿ. ಎರಡು ಪಾಲು ಕಬ್ಬು, ಅದೂ ಡ್ರಿಪ್ಪಿನಲ್ಲಿ. ಒಂದು ಪಾಲಿನಲ್ಲಿ ಮುಂಗಾರಿಗೆ ಸೋಯಾ ಅಥವಾ ಹೆಸರು, ಹಿಂಗಾರಿಗೆ ಜೋಳ ಅಥವಾ ಕಡಲೆ. ಎರಡು ಕೂಳೆ ಆದ ಮೇಲೆ ಕಬ್ಬಿನ ಪಾಲನ್ನು ಬದಲಿಸಿ. ಮಣ್ಣಿಗೆ ಒಂದು ವರ್ಷ ಉಸಿರಾಡಲು ಸಿಕ್ಕಿತು, ಮನೆಗೆ ರೊಟ್ಟಿಯ ಜೋಳ ಬಂತು, ದನಕ್ಕೆ ಕಣಿಕೆ ಬಂತು. ಹೊಸ ಕಬ್ಬಿನ ಸಾಲು 4–5 ಅಡಿ ಅಗಲ ಬಿಟ್ಟರೆ ಮೊದಲ ಮೂರು ತಿಂಗಳು ನಡುವೆ ಉಳ್ಳಾಗಡ್ಡಿಯೋ ಸೋಯಾನೋ ಬೆಳೆಯಬಹುದು. ಮನೆಯಲ್ಲಿ ಜಗಳ ಮಾಡಬೇಡಿ, ಮೊದಲ ವರ್ಷ ಒಂದೇ ಎಕರೆ ಕೇಳಿ ಪಡೆಯಿರಿ. ಖರ್ಚು ಆದಾಯ ಎರಡನ್ನೂ ಬರೆದಿಟ್ಟು ಯುಗಾದಿಗೆ ಎಲ್ಲರ ಮುಂದೆ ಇಡಿ.

ಪ್ರಶ್ನೆ: ಮಣ್ಣು ಪರೀಕ್ಷೆ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ತೆಗೆಯಬೇಕು, ಎಲ್ಲಿ ಕೊಡಬೇಕು ಅಂತ ಯಾರೂ ಹೇಳುವುದಿಲ್ಲ. (ಇಂಡಿ)

ಉತ್ತರ: ಗೊಬ್ಬರ ಹಾಕಿ ಎರಡು ಮೂರು ತಿಂಗಳಾದರೂ ಆಗಿರಬೇಕು. ಸವಳಿನ ಅನುಮಾನ ಇದ್ದರೆ ಬೇಸಿಗೆಯಲ್ಲೇ ತೆಗೆಯಿರಿ, ಆಗ ಉಪ್ಪು ಮೇಲೆ ಇರುತ್ತದೆ. ಬದು, ತಿಪ್ಪೆ, ಮರದ ಬುಡ ಬಿಟ್ಟು ಎಕರೆಗೆ ಎಂಟು ಹತ್ತು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ ಅರ್ಧ ಅಡಿ ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳಗೆ ಒಂದು ಪದರ ಕೆರೆಯಿರಿ. ಎಲ್ಲಾ ಸೇರಿಸಿ, ನೆರಳಲ್ಲಿ ಒಣಗಿಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತಾ ಅರ್ಧ ಕೆಜಿ ಉಳಿಸಿ. ಕೆಟ್ಟ ಜಾಗದ ಮಣ್ಣನ್ನು ಒಳ್ಳೆಯ ಜಾಗದ್ದರ ಜೊತೆ ಬೆರೆಸಬೇಡಿ, ಬೇರೆ ಚೀಟಿ ಬರೆಯಿರಿ. ಸವಳಿನ ಜಾಗದಲ್ಲಿ ಅರ್ಧ ಅಡಿ, ಒಂದು ಅಡಿ, ಎರಡು ಅಡಿ ಹೀಗೆ ಮೂರು ಆಳದ ಮಣ್ಣು ಬೇರೆ ಬೇರೆ ತೆಗೆದರೆ ಉಪ್ಪು ಎಲ್ಲಿ ಕೂತಿದೆ ಅಂತ ಗೊತ್ತಾಗುತ್ತದೆ.

ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೊಡಬಹುದು, ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೊಡಬಹುದು. ನಿಮಗೆ ಇಂಡಿಯಲ್ಲೇ ಒಂದು ಕೇಂದ್ರ ಇದೆ, ವಿಜಯಪುರದ ಹಿಟ್ಟಿನಹಳ್ಳಿಯಲ್ಲೂ ಇದೆ. ಕೊಡುವಾಗ ಇಸಿಯನ್ನು ಯಾವ ವಿಧಾನದಲ್ಲಿ ಅಳೆಯುತ್ತೀರಿ ಅಂತ ಕೇಳಿ ಬರೆದುಕೊಳ್ಳಿ. ಮಣ್ಣಿಗೆ ಜಾಸ್ತಿ ನೀರು ಬೆರೆಸಿ ಅಳೆದರೆ ಅಂಕಿ ಕಡಿಮೆ ಬರುತ್ತದೆ. ನಾನು ಮೇಲೆ ಹೇಳಿದ 4, 1.7, 6.8 ಇವೆಲ್ಲ ಮಣ್ಣನ್ನು ಪೂರ್ತಿ ನೆನೆಸಿ ಹಿಂಡಿ ತೆಗೆದ ರಸದ ಅಂಕಿಗಳು. ಮತ್ತೆ, ಮಣ್ಣನ್ನು ಬಟ್ಟೆಯ ಚೀಲದಲ್ಲಿ ಒಯ್ಯಿರಿ. ಗೊಬ್ಬರದ ಖಾಲಿ ಚೀಲದಲ್ಲಿ ಹಾಕಿದರೆ ಅದರ ಗೊಬ್ಬರವೇ ಪರೀಕ್ಷೆಗೆ ಬರುತ್ತದೆ.